ಕಾಕಾನ ಹೆಸರಿನ ಕಾರ್ಡು

ಆ ಕ್ರೆಡಿಟ್ ಕಾರ್ಡನ್ನು ಆರಿಸಿದವಳು ನಾನೇ. ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಮೂರು ಬ್ಯಾಂಕುಗಳ ನುಣುಪು ಕಾಗದಗಳನ್ನು ಹದಿನೈದು ದಿನ ಅರಿಶಿಣದ ಸ್ಯಾಂಪಲ್ ಪೊಟ್ಟಣಗಳ ನಡುವೆ ಹರಡಿಕೊಂಡು, ಹೋಲಿಸಿ, ಗೆರೆ ಎಳೆದು, ಹೊಡೆದು ಹಾಕಿ, ಕೊನೆಗೆ ಒಂದನ್ನು ಆರಿಸಿದ್ದೆ. ಸರಿಯಾದದ್ದನ್ನೇ ಆರಿಸಿದ್ದೇನೆ ಎಂಬ ಜಂಬವೂ ಇತ್ತು. ನಾನು ಎಡವಿದ್ದು ಕಾರ್ಡಿನಲ್ಲಲ್ಲ, ಅರ್ಜಿಯ ಮೊದಲ ಸಾಲಿನಲ್ಲಿ. ಅದು ನನಗೆ ಗೊತ್ತಾಗುವ ಹೊತ್ತಿಗೆ ಗುವಾಹಟಿಯಲ್ಲಿ ಮಾವಶಿ, ಅವ್ವನ ಅಕ್ಕ, ಹಾಸಿಗೆ ಹಿಡಿದಿದ್ದಳು, ಮಿರಜಿನಲ್ಲಿ ಅವ್ವ ಸರಿಯಾಗಿ ಊಟ ಮಾಡುವುದನ್ನು ಬಿಟ್ಟಿದ್ದಳು.

ನಮ್ಮದು ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿಣದ ಪೇಢಿ, ಅಂದರೆ ಸಗಟು ವ್ಯಾಪಾರದ ಅಂಗಡಿ. ಮನೆ ಮಿರಜಿನಲ್ಲಿ. ಮುತ್ತಜ್ಜನ ಕಾಲದಿಂದಲೂ ಪೇಢಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಕಾಕಾನ ಇಬ್ಬರು ಗಂಡುಮಕ್ಕಳಿಗೆ ಕನ್ನಡದಲ್ಲಿ ಬೈದರೆ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತಿತ್ತು. ಕಾಕಾ ಅಂದರೆ ಅಪ್ಪನ ಅಣ್ಣ. ಬೇರೆ ಕಡೆ ದೊಡ್ಡಪ್ಪ ಎನ್ನುತ್ತಾರೇನೋ, ನಮ್ಮಲ್ಲಿ ಹಿರಿಯನೂ ಕಾಕಾ, ಕಿರಿಯನೂ ಕಾಕಾ. ನನಗೆ ಒಂಬತ್ತು ತುಂಬುವ ಮೊದಲೇ ಅಪ್ಪ ತೀರಿಕೊಂಡ. ಅಂದಿನಿಂದ ನಾನು ಮತ್ತು ಅವ್ವ ಕಾಕಾನ ನೆರಳಿನಲ್ಲಿ ಬೆಳೆದೆವು. ಅವ್ವನೂ ಬೆಳೆದಳು ಎಂದೇ ಹೇಳಬೇಕು, ಆಗ ಅವಳಿಗೆ ಇಪ್ಪತ್ತೇಳು. ನಮಗೆ ಯಾರೂ ಏನೂ ಕಡಿಮೆ ಮಾಡಲಿಲ್ಲ, ನಾವೂ ಏನೂ ಕೇಳಲಿಲ್ಲ.

ನಮ್ಮಂಥ ಮನೆಗಳಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ಕೂಡುವುದಿಲ್ಲ. ನೇರವಾಗಿ ಮಾತೂ ಆಡುವುದಿಲ್ಲ. ಕಾಕಾ ಪಡಸಾಲೆಗೆ ಕಾಲಿಟ್ಟರೆ ಅವ್ವ ಸೆರಗು ತಲೆಗೆಳೆದುಕೊಂಡು ಬಾಗಿಲ ಹಿಂದೆ ಸರಿಯುತ್ತಿದ್ದಳು. ಹೇಳುವುದೇನಿದ್ದರೂ ಮೂರನೆಯವರ ಬಾಯಿಂದ, ಆ ಮೂರನೆಯವಳು ಹೆಚ್ಚಾಗಿ ನಾನು.

"ನಿಮ್ಮ ಕಾಕಾಗ ಕೇಳು, ಸಾರಿನಾಗ ಉಪ್ಪು ಸಾಕಾತೇನು ಅಂತ," ಎಂದು ಬಾಗಿಲ ಹಿಂದಿನಿಂದ ಅವ್ವ.

"ಸಾಕಾಗೇತಿ ಅಂತ ಹೇಳು," ಎಂದು ತಾಟಿನಿಂದ ತಲೆ ಎತ್ತದೆ ಕಾಕಾ.

ಇಬ್ಬರ ನಡುವೆ ಎರಡು ಮಾರು ದೂರ. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ನಾನು ಹೇಳುವ ಮೊದಲೇ ಕೇಳಿಸಿರುತ್ತಿತ್ತು. ಆದರೂ ನಾನು ನಡುವೆ ನಿಂತು ಅದನ್ನೇ ಇನ್ನೊಮ್ಮೆ ಹೇಳಬೇಕು. ಸಣ್ಣವಳಿದ್ದಾಗ ಅದು ಆಟವಾಗಿತ್ತು. ಬುದ್ಧಿ ಬಂದ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟಿಗೆ ನಮ್ಮ ಮನೆಯಲ್ಲಿ ನನ್ನದೇ ಹೆಸರು.

ರಸಾಯನಶಾಸ್ತ್ರ ಓದಿಕೊಂಡು ನಾನು ಪೇಢಿಯ ಹಿಂದಿನ ಕೋಣೆಯಲ್ಲಿ ಅರಿಶಿಣ ಪರೀಕ್ಷೆಯ ಸಣ್ಣ ಲ್ಯಾಬು ಹಾಕಿದೆ. ಹೊರಗಿನ ವ್ಯಾಪಾರಕ್ಕೆ ದೇಶದ ಬಾಗಿಲು ತೆರೆದು ಹತ್ತು ಹನ್ನೆರಡು ವರ್ಷವಾಗಿತ್ತು. ಮೊದಲು ಬಣ್ಣ ನೋಡಿ, ಮುರಿದು ನೋಡಿ, ಮೂಸಿ ನೋಡಿ ಕೊಳ್ಳುತ್ತಿದ್ದವರು ಈಗ ಕಾಗದದ ಮೇಲೆ ಅಂಕಿ ಕೇಳತೊಡಗಿದ್ದರು. ಔಷಧ ಮಾಡುವವರು, ಬಣ್ಣ ಮಾಡುವವರು, ಹೊರದೇಶಕ್ಕೆ ಕಳಿಸುವವರು. ಅವರ ಮುಂದೆ ಕೂತು ಈ ಅಂಕಿಗಳನ್ನು ವಿವರಿಸುವವರು ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ಮೂವತ್ತೊಂದರ ಮದುವೆಯಾಗದ ಹುಡುಗಿಯನ್ನು ವಿಮಾನ ಹತ್ತಿಸುವುದೇ ಎಂಬ ಗುಸುಗುಸುವನ್ನು ಕಾಕಾ ಒಂದೇ ಮಾತಿನಲ್ಲಿ ಮುಗಿಸಿದ: "ಕೆಲಸ ಅಕೀಗೆ ಬರ್ತದ, ಅಕೀನ ಹೋಗ್ಲಿ." ಪುಣೆಗೆ ಹೋಗಿ ವಿಮಾನ ಹಿಡಿದು ದಿಲ್ಲಿ, ಚೆನ್ನೈ, ಕೊಚ್ಚಿ. ತಿಂಗಳಿಗೆ ಎರಡು ಸಲ, ಹಂಗಾಮಿನಲ್ಲಿ ನಾಲ್ಕು ಸಲ. ಕಾಕಾ ಮಾತ್ರ ಎಂದೂ ವಿಮಾನ ಹತ್ತಿದವನಲ್ಲ. ಕೇಳಿದರೆ, ನನಗೇನು ಅಷ್ಟು ಅವಸರವಿಲ್ಲ ಎನ್ನುತ್ತಿದ್ದ.

ಕಾರ್ಡಿನವರು ನಮ್ಮ ಕಡೆ ಬಂದದ್ದೂ ಆಗಲೇ. ಸಾಂಗ್ಲಿಯಿಂದ ಮಿರಜಿಗೆ ಬರುವ ದಾರಿಯಲ್ಲಿ ಹೊಲ ಇದ್ದಲ್ಲಿ ಗಾಜಿನ ಶೋರೂಮು, ಗಾಜಿನ ಬ್ಯಾಂಕು ಎದ್ದಿದ್ದವು. ಉರಿಬಿಸಿಲಿನಲ್ಲೂ ಟೈ ಬಿಚ್ಚದ ಹುಡುಗರು ಅಲ್ಲಿಂದ ಮಾರ್ಕೆಟ್ ಯಾರ್ಡಿಗೆ ಬಂದು, ಅರಿಶಿಣದ ಧೂಳಿಗೆ ಸೀನುತ್ತ, ಖರ್ಚು ಮಾಡಿದರೆ ಲಾಭ ಬರುತ್ತದೆ ಎಂದು ವ್ಯಾಪಾರಸ್ಥರಿಗೇ ಪಾಠ ಹೇಳುತ್ತಿದ್ದರು.

ಮೂರು ಕಾರ್ಡು ನನ್ನ ಮುಂದಿದ್ದವು. ಒಂದಕ್ಕೆ ವರ್ಷದ ಶುಲ್ಕವೇ ಇಲ್ಲ, ಆದರೆ ಖರ್ಚು ಮಾಡಿದಂತೆ ಕೂಡುವ ಅಂಕಗಳಿಗೆ, ಅಂದರೆ ಪಾಯಿಂಟುಗಳಿಗೆ, ಸಿಗುವುದು ಇಸ್ತ್ರಿಪೆಟ್ಟಿಗೆ, ಚಾದರ, ಉಕ್ಕಿನ ಡಬ್ಬಿ. ಇನ್ನೊಂದರಲ್ಲಿ ಪೆಟ್ರೋಲಿಗೆ ರಿಯಾಯಿತಿ. ಮೂರನೆಯದು ವಿಮಾನ ಕಂಪನಿಯೊಂದರ ಜೊತೆ ಸೇರಿ ಮಾಡಿದ್ದು. ಶುಲ್ಕ ಹೆಚ್ಚು, ಆದರೆ ಟಿಕೆಟ್ ಕೊಂಡಾಗಲೆಲ್ಲ ಅಂಕಗಳು ಬೇಗ ಕೂಡುತ್ತವೆ, ಸಾಕಷ್ಟು ಕೂಡಿದ ಮೇಲೆ ಇಬ್ಬರು ದೇಶದ ಯಾವ ಮೂಲೆಗಾದರೂ ಪುಕ್ಕಟೆ ಹೋಗಿ ಬರಬಹುದು. ನಾನು ಹಾರುವಷ್ಟು ಹಾರುವವರಿಗೆ ಮೂರನೆಯದೇ ಸರಿ ಎಂದು ಲೆಕ್ಕ ಹಾಕಿದೆ. ಆ ಲೆಕ್ಕ ಇವತ್ತಿಗೂ ಸರಿಯೇ. ಮುಂದೆ ಯಾರಾದರೂ ಕೇಳಿದರೂ ಅದನ್ನೇ ಹೇಳುತ್ತೇನೆ: ಮೊದಲು ನೀವು ನಿಜವಾಗಿ ಎಷ್ಟು ಹಾರುತ್ತೀರಿ ನೋಡಿ, ಆಮೇಲೆ ಅಂಕಕ್ಕೆ ಏನು ಸಿಗುತ್ತದೆ ನೋಡಿ, ಚಾದರ ನೋಡಿ ಮರುಳಾಗಬೇಡಿ.

ಕಾಕಾಗೆ ಶುಲ್ಕ ಎಂಬ ಮಾತೇ ಹಿಡಿಸಲಿಲ್ಲ. "ರೊಕ್ಕಾ ಖರ್ಚು ಮಾಡಾಕ ಮತ್ತ ರೊಕ್ಕಾ ಕೊಡಬೇಕೇನು?" ಎಂದು ನಕ್ಕ. ನಕ್ಕನೆಂದರೆ ಒಪ್ಪಿದ ಎಂದು ಅರ್ಥ.

ಅರ್ಜಿ ತುಂಬುವಾಗ ಟೈ ಹುಡುಗ ಮರಾಠಿಯಲ್ಲಿ ಕೇಳಿದ, ಮುಖ್ಯ ಕಾರ್ಡು ಯಾರ ಹೆಸರಿಗೆ ಎಂದು. ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ನಿಮ್ಮ ಹೆಸರಿಗೇ ಕೊಡುತ್ತೇವೆ ಎಂದೂ ಹೇಳಿದ. ಅಪ್ಪ ನನ್ನ ಹೆಸರಿಗೆ ಇಟ್ಟಿದ್ದ ಸಣ್ಣ ಠೇವಣಿ ಇದ್ದೇ ಇತ್ತು. ಆದರೆ ನಾನು ಯೋಚಿಸಲೇ ಇಲ್ಲ. ನಮ್ಮ ಮನೆಯಲ್ಲಿ ಗ್ಯಾಸು ಕಾಕಾನ ಹೆಸರಿಗೆ, ಫೋನು ಕಾಕಾನ ಹೆಸರಿಗೆ, ತಕ್ಕಡಿಯ ಪರವಾನಗಿ, ನನ್ನ ಸ್ಕೂಟರು, ಅವ್ವನ ಹೊಲಿಗೆ ಯಂತ್ರದ ರಸೀದಿ ಕೂಡ ಕಾಕಾನ ಹೆಸರಿಗೆ. ಕೈ ತಾನಾಗಿ ಆ ಹೆಸರನ್ನೇ ಬರೆಯಿತು. ನನಗೆ ಅದರ ಕೆಳಗೆ ಒಂದು ಹೆಚ್ಚುವರಿ ಕಾರ್ಡು ಬಂತು. ವಿಮಾನದಲ್ಲಿ ತಿರುಗುವವಳು ಇವಳು ಎಂದು ಬ್ಯಾಂಕಿಗೆ ಹೇಗೆ ಗೊತ್ತಾಗಬೇಕು, ನಾನೇ ಹೇಳದೆ ಇದ್ದ ಮೇಲೆ?

ಎರಡು ವರ್ಷ ಹಾಗೇ ನಡೆಯಿತು. ಪ್ರತಿ ತಿಂಗಳ ಕಾಗದದ ಕೆಳಗೆ ಬರುವ ಅಂಕಗಳನ್ನು ಅವ್ವನಿಗೆ ಓದಿ ಹೇಳುತ್ತಿದ್ದೆ. ಮನೆಯವರು ಪೇಢಿಯಲ್ಲಿ ಕೆಲಸ ಮಾಡಿದರೆ ನಮ್ಮಲ್ಲಿ ಪಗಾರವಿಲ್ಲ. ಬೇಕಾದದ್ದು ಸಿಗುತ್ತದೆ, ಅಷ್ಟೇ. ಹಾಗಾಗಿ ಈ ಅಂಕಗಳು ನನ್ನ ಜೀವನದಲ್ಲಿ ನಾನೇ ಗಳಿಸಿದ ಮೊದಲ ವಸ್ತು ಎಂದು ನನಗೂ ಅನಿಸುತ್ತಿತ್ತು, ಅವ್ವನಿಗೂ ಅನಿಸುತ್ತಿತ್ತು.

ಆಗ ಬಂತು ಆ ಸುದ್ದಿ. ಅವ್ವನಿಗೆ ಇದ್ದವಳು ಒಬ್ಬಳೇ ಅಕ್ಕ. ಇಬ್ಬರೂ ಮ್ಹೈಸಾಳದವರು, ಕೃಷ್ಣೆಯ ದಂಡೆಯಲ್ಲಿ ಒಟ್ಟಿಗೆ ಬೆಳೆದವರು. ತಾಯಿ ಬೇಗ ಹೋದದ್ದರಿಂದ ಅವ್ವನ ತಲೆ ಬಾಚಿ, ಉಣಿಸಿ, ಶಾಲೆಗೆ ಕಳಿಸಿದವಳು ಈ ಮಾವಶಿಯೇ. ಮಾವಶಿಯ ಮಗ ಸೈನ್ಯದಲ್ಲಿದ್ದ, ಗುವಾಹಟಿಗೆ ವರ್ಗವಾದಾಗ ತಾಯಿಯನ್ನೂ ಕರೆದುಕೊಂಡು ಹೋಗಿದ್ದ. ಅಲ್ಲಿ ಅವಳ ಕಿಡ್ನಿ ಕೈಕೊಟ್ಟಿತು. ಮಗ ಫೋನ್ ಮಾಡಿ, "ಡಾಕ್ಟರು ಇನ್ನ ಎಂಟು ಹತ್ತು ದಿನ ಅಂತಾರ. ಅವ್ವ ಮಾವಶೀದ ಹೆಸರು ಹಿಡದು ಕರೀತಾಳ," ಎಂದ. ಅವನಿಗೆ ಮಾವಶಿ ಅಂದರೆ ನನ್ನ ಅವ್ವ.

ರೈಲಿನಲ್ಲಿ ಹೋದರೆ ಮೂರು ದಿನಕ್ಕೂ ಮೇಲೆ, ನಡುವೆ ಎರಡು ಸಲ ಗಾಡಿ ಬದಲು, ಅಷ್ಟು ಬೇಗ ಜಾಗ ಸಿಗುವ ಭರವಸೆಯೂ ಇಲ್ಲ. ವಿಮಾನವೇ ದಾರಿ. ಕಾಕಾನನ್ನು ಕೇಳಿದರೆ ದುಡ್ಡು ಕೊಡುತ್ತಿದ್ದ, ಅದು ನನಗೆ ಗೊತ್ತಿತ್ತು. ಆದರೆ ಅವ್ವ ನನ್ನ ಕೈ ಹಿಡಿದು ಕೂರಿಸಿದಳು.

"ತವರ ಮನಿ ದಾರಿಗೆ ಈ ಮನಿ ರೊಕ್ಕಾ ಬ್ಯಾಡ. ಇಷ್ಟ ವರ್ಷ ಕೇಳಿಲ್ಲ, ಈಗೂ ಕೇಳೂದಿಲ್ಲ. ನೀ ತಿರಿಗ್ಯಾಡಿ ಗಳಿಸೀದಿ ಅಲ್ಲ, ಅದರಾಗ ಕಳಸು."

ಎದೆ ತುಂಬಿ ಬಂತು. ಆಗಲಿ ಎಂದು ಎದ್ದು ಬ್ಯಾಂಕಿಗೆ ಫೋನ್ ಮಾಡಿದೆ.

ಆ ಕಡೆಯ ಹೆಣ್ಣುಮಗಳು ತುಂಬ ಸಭ್ಯವಾಗಿ ಹೇಳಿದಳು: ನೀವು ಹೆಚ್ಚುವರಿ ಕಾರ್ಡಿನವರು, ಅಂಕಗಳು ಮುಖ್ಯ ಕಾರ್ಡಿನವರದು. ಅವರು ಸಹಿ ಮಾಡಿದರೆ ಇಬ್ಬರಿಗೆ ಟಿಕೆಟ್ ಕೊಡುತ್ತೇವೆ, ಆದರೆ ಆ ಇಬ್ಬರಲ್ಲಿ ಒಬ್ಬರು ಅವರೇ ಆಗಿರಬೇಕು. ಅವರ ಜೊತೆ ಯಾರು ಬೇಕಾದರೂ ಹೋಗಬಹುದು.

ನಾನು ಮೂರು ಸಲ ಕೇಳಿದೆ. ಮೂರು ಸಲವೂ ಅದೇ ಉತ್ತರ, ಅದೇ ಸಭ್ಯ ದನಿಯಲ್ಲಿ. ಫೋನ್ ಇಟ್ಟೆ. ಎರಡು ವರ್ಷ ಮೋಡದ ಮೇಲೆ ತಿರುಗಿದವಳು ನಾನು. ಅದೆಲ್ಲ ಎಂದೂ ನೆಲ ಬಿಡದ ಮನುಷ್ಯನ ಹೆಸರಿಗೆ ಜಮಾ ಆಗಿತ್ತು. ಈಗ ಅವ್ವ ಅಕ್ಕನ ಮುಖ ನೋಡಬೇಕಾದರೆ, ಮದುವೆಯಾಗಿ ಬಂದಾಗಿನಿಂದ ಯಾರೆದುರು ಕೂತಿಲ್ಲವೋ ಅವರ ಪಕ್ಕದ ಸೀಟಿನಲ್ಲೇ ಕೂತು ಹೋಗಬೇಕು. ನನ್ನ ಕೈಯಾರೆ ನಾನೇ ಮಾಡಿಟ್ಟದ್ದು. ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಲ್ಯಾಬಿನ ಒಂದು ಗಾಜಿನ ಕೊಳವೆ ಒಡೆದೆ.

ಅವ್ವನಿಗೆ ಹೇಳಿದಾಗ ಅವಳು ಅಳಲಿಲ್ಲ. "ಹಂಗಾರ ಬಿಡು," ಅಂದಳು. "ಅವರು ನನ್ನ ಜೋಡಿ ಬರೂದಂದ್ರ ಏನು, ನಾ ಅವರ ಬಾಜೂಕ ಕುಂದರೂದಂದ್ರ ಏನು. ಬಿಡು." ಎಂದು ಅಡಿಗೆಮನೆಗೆ ಹೋದಳು. ಜೋಳದ ಹಿಟ್ಟು ನಾದುವ ಸದ್ದು ಬಹಳ ಹೊತ್ತು ಕೇಳಿಸಿತು. ಅಷ್ಟು ನಾದುವಷ್ಟು ಹಿಟ್ಟು ಅಂದು ಇರಲಿಲ್ಲ.

ನಾನು ಬಿಡಲಿಲ್ಲ. ಮರುದಿನ ಸೀದಾ ಪೇಢಿಗೆ ಹೋದೆ. ಹಂಗಾಮಿನ ದಿನಗಳು, ಅಂಗಳದ ತುಂಬ ಚೀಲ, ಸವಾಲು, ಅಂದರೆ ಆ ದಿನದ ಹರಾಜು, ಆಗಷ್ಟೇ ಮುಗಿದಿತ್ತು. ಕಾಕಾ ಗಾದಿಯ ಮೇಲೆ ಒಬ್ಬನೇ ಇದ್ದ. ಎಲ್ಲ ಹೇಳಿದೆ: ಮಾವಶಿಯ ಸ್ಥಿತಿ, ಎಂಟು ಹತ್ತು ದಿನ ಎಂದದ್ದು, ಅರ್ಜಿಯಲ್ಲಿ ನಾನು ಮಾಡಿದ್ದು, ಬ್ಯಾಂಕಿನವಳು ಹೇಳಿದ್ದು. ಅವ್ವ ದುಡ್ಡು ಬೇಡ ಅಂದದ್ದನ್ನೂ ಮುಚ್ಚಿಡಲಿಲ್ಲ. ಜೀವನವಿಡೀ ಬೇರೆಯವರಿಗೆ ಕಾಣದಂತೆ ರುಮಾಲಿನ ಕೆಳಗೆ ಎದುರಿನವನ ಬೆರಳು ಹಿಡಿದು ದರ ಹೇಳಿದ ಮನುಷ್ಯ ಅವನು. ಮುಖದ ಮೇಲೆ ಏನೂ ಕಾಣಿಸಬಾರದು ಎಂಬುದು ಆ ವ್ಯಾಪಾರದ ಮೊದಲ ಪಾಠ. ನನಗೂ ಏನೂ ಕಾಣಿಸಲಿಲ್ಲ.

"ಎಷ್ಟ ತಾಸು?" ಎಂದಷ್ಟೇ ಕೇಳಿದ.

"ದಿಲ್ಲಿತನಕ ಎರಡು, ಅಲ್ಲಿಂದ ಎರಡೂವರಿ."

"ಅಷ್ಟೂ ಹೊತ್ತು ಮ್ಯಾಲೇನು?"

"ಹೌದ್ರಿ ಕಾಕಾ."

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಲೆಕ್ಕದ ಪುಸ್ತಕ ತೆರೆದ. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಮನೆಯಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು, ಯಾರೂ ಎತ್ತಲಿಲ್ಲ. ಫೋನ್ ಬಡಿದಾಗಲೆಲ್ಲ ಅವ್ವ ಕೈಯಲ್ಲಿದ್ದ ಕೆಲಸ ಹಾಗೇ ಹಿಡಿದು ನಿಲ್ಲುತ್ತಿದ್ದಳು. ನನಗೆ ಕಾಕಾನನ್ನು ಹಿಡಿದು ಅಲ್ಲಾಡಿಸಬೇಕು ಅನಿಸುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ಪಡಸಾಲೆಯಲ್ಲಿ ನಿಂತು ಹೇಳಿದ.

"ಕಾರ್ಡು ನನ್ನ ಹೆಸರೀಲೆ ಐತಿ ಅಂದ್ರ ಹೋಗೂದು ನನ್ನ ಕೆಲಸ. ಟಿಕೀಟ ತಗಸು."

ಬಾಗಿಲ ಹಿಂದೆ ಪಾತ್ರೆ ಬಿದ್ದ ಸದ್ದಾಯಿತು. ಅವ್ವ ಬೇಡ ಅನ್ನುವ ಮೊದಲೇ ನಾನು ಫೋನಿನ ಕಡೆ ಓಡಿದೆ.

ಸೀಟು ಹಿಂದೆ ಮುಂದೆ ಕೊಡಿ, ಪಕ್ಕಪಕ್ಕ ಬೇಡ ಎಂದು ನಾನು ಫೋನಿನಲ್ಲಿ ಗೋಗರೆದೆ. ಗಂಡ ಹೆಂಡತಿ ಜಗಳವೇ ಎಂದು ಆ ಕಡೆಯವಳು ಅನುಮಾನಪಟ್ಟಿರಬೇಕು. ಹಿಂದಿನ ದಿನವೇ ಪುಣೆಗೆ ಹೋಗಿ ಪರಿಚಯದವರ ಮನೆಯಲ್ಲಿ ಉಳಿದೆವು. ದಿಲ್ಲಿಯಲ್ಲಿ ಇಳಿದ ಮೇಲೆ ಯಾವ ಕಡೆ ತಿರುಗಬೇಕು, ಯಾವ ಬೋರ್ಡು ನೋಡಬೇಕು, ಯಾರನ್ನು ಕೇಳಬೇಕು ಎಂಬುದನ್ನೆಲ್ಲ ದಪ್ಪ ಅಕ್ಷರದ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದೆ. ಕೆಳಗೆ ಮಾವಶಿಯ ಮಗನ ನಂಬರು, ನನ್ನ ಮೊಬೈಲ್ ನಂಬರು. ಹಾಳೆಯನ್ನು ಕಾಕಾನ ಕೈಗೆ ಕೊಟ್ಟೆ. ಗಂಡಸಿನ ಕೈಗೆ ಕೊಡುವುದೇ ನನಗೂ ಸಹಜವಾಗಿತ್ತು. ಎಡವಿದ ಕಲ್ಲಿಗೇ ಮತ್ತೆ ಎಡವಿದೆ, ಅದು ಗೊತ್ತಾಗಲಿಲ್ಲ.

ವಿಮಾನ ನಿಲ್ದಾಣದ ಗಾಜಿನ ಬಾಗಿಲವರೆಗೆ ನನಗೆ ಬಿಡುತ್ತಿದ್ದರು, ಮುಂದೆ ಟಿಕೆಟ್ ಇದ್ದವರಿಗೆ ಮಾತ್ರ. ಕಾಕಾ ಮುಂದೆ, ಧೋತರದ ಚುಂಗು ಕೈಯಲ್ಲಿ ಹಿಡಿದು. ಅವ್ವ ನಾಲ್ಕು ಹೆಜ್ಜೆ ಹಿಂದೆ, ನೀಲಿ ಇಳಕಲ್ ಸೀರೆಯ ಸೆರಗು ಹಣೆಯವರೆಗೆ. ಅವಳ ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಅಕ್ಕನಿಗೆಂದು ಮ್ಹೈಸಾಳದ ಬೆಲ್ಲ. ಮಿರಜಿನಿಂದ ಸಾಂಗ್ಲಿಗೂ ಒಬ್ಬಳೇ ಹೋಗದ ಹೆಂಗಸು. ಗಾಜಿನ ಆಚೆ ಇಬ್ಬರೂ ಜನರಲ್ಲಿ ಸೇರಿಹೋದರು.

ವಿಮಾನ ಏರುವುದನ್ನು ನೋಡಿಯೇ ಹೋಗೋಣ ಎಂದು ಹೊರಗಿನ ಬೆಂಚಿನಲ್ಲಿ ಕೂತೆ. ಒಂದು ತಾಸು ಕಳೆದಿರಬಹುದು. ಸದ್ದು ಮಾಡುತ್ತ ಒಂದು ವಿಮಾನ ತಲೆಯ ಮೇಲೆ ಹೋಯಿತು. ಅದೇ ಇರಬೇಕೆಂದು ಎದ್ದು ಕೈ ಮುಗಿದೆ. ಇನ್ನು ಹೊರಡೋಣ ಎನ್ನುವಷ್ಟರಲ್ಲಿ ಗಾಜಿನ ಬಾಗಿಲಿನಿಂದ ಪೋಲೀಸನೊಬ್ಬನ ಜೊತೆ ಕಾಕಾ ಹೊರಗೆ ಬಂದ.

ಒಬ್ಬನೇ ಬಂದ.

ನಾನು ಓಡಿದೆ. ಅವನ ಹಿಂದೆ ನೋಡಿದೆ. ಅವ್ವ ಇರಲಿಲ್ಲ.

"ಅವ್ವ ಎಲ್ಲೆದಾಳ್ರಿ?"

ಕಾಕಾ ಬೆಂಚಿನ ಮೇಲೆ ಕೂತ. ಮುಖದಲ್ಲಿ ರಕ್ತವಿರಲಿಲ್ಲ, ಅಂಗಿ ಬೆವರಿಗೆ ಮೈಗಂಟಿತ್ತು. ಕೈಯಿಂದ ಆಕಾಶ ತೋರಿಸಿದ.

"ಹೋದ್ಲು."

"ಒಬ್ಬಾಕೀನ?"

"ಬಸ್ಸಿನ್ಯಾಗ ವಿಮಾನದ ಮಟ ಹೋದ್ವಿ. ನಾ ಇಳದೆ. ಅದರ ಹೊಟ್ಟಿ ನೋಡಿದೆ. ಮೆಟ್ಟಲ ಮ್ಯಾಲ ಒಂದ ಕಾಲು ಇಟ್ಟೆ, ಇನ್ನೊಂದು ಏಳಲಿಲ್ಲವ್ವ. ಏನ ಮಾಡಿದ್ರೂ ಏಳಲಿಲ್ಲ. ಹಿಂದ ಜನ ನಿಂತಾರ. ಕಣ್ಣು ಕತ್ಲಿ ಬಂತು."

ನನ್ನ ಬಾಯಿಂದ ಏನೇನು ಬಂತೋ ಪೂರ್ತಿ ನೆನಪಿಲ್ಲ. ಕಾಕಾನ ಎದುರು ದನಿ ಎತ್ತಿದ್ದು ಅದೇ ಮೊದಲು. ಅಂಜಿಕೆಯಿದ್ದರೆ ಮೊದಲೇ ಹೇಳಬಾರದಿತ್ತೇ, ನಡುವೆ ಬಿಟ್ಟು ಬರುವುದಕ್ಕೆ ಅವಳೇನು ಚೀಲವೇ, ದಿಲ್ಲಿಯಲ್ಲಿ ಅವಳು ಯಾರನ್ನು ಏನೆಂದು ಕೇಳಬೇಕು ಎಂದು ಕೂಗಾಡಿದೆ. ಜನ ತಿರುಗಿ ನೋಡಿದರು. ಕಾಕಾ ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮೆಲ್ಲಗೆ ಹೇಳಿದ.

"ನಾ ಬಿಟ್ಟಿಲ್ಲ. ಅಕೀನ ಹೇಳಿದ್ಲು."

"ಯಾರಿಗೆ ಹೇಳಿದ್ಲು?"

"ನನಗ." ಅವನ ದನಿಯಲ್ಲಿ ಅಂಜಿಕೆಗಿಂತ ಅಚ್ಚರಿಯೇ ಹೆಚ್ಚಿತ್ತು. "ಸೆರಗು ಹಿಂದ ಸರಸಿ, ನನ್ನ ಮಾರಿ ನೋಡಿ ಹೇಳಿದ್ಲು. 'ಭಾವಾರ, ನಿಮಗ ಆಗೂದಿಲ್ಲ, ನೀವು ಹೋಗಿ ಕುಂದ್ರಿ. ನಂಬರ್ ಓದಾಕ ನನಗ ಬರ್ತದ. ಅಕ್ಕ ಹಾದಿ ನೋಡಾಕತ್ತಾಳ, ನಾ ನಿಂದ್ರೂದಿಲ್ರಿ' ಅಂದ್ಲು. ಅಂದಾಕಿ ತಿರುಗಿ ಸುದ್ದಾ ನೋಡಲಿಲ್ಲ, ಹತ್ತಿಬಿಟ್ಲು."

ಅಲ್ಲಿ ಸಿಬ್ಬಂದಿಯ ಹುಡುಗಿ, ನೀವು ಹೋಗದಿದ್ದರೆ ಜೊತೆಯವರ ಟಿಕೆಟ್ಟೂ ನಡೆಯುತ್ತದೋ ಇಲ್ಲವೋ ನೋಡಬೇಕು ಎಂದಿದ್ದಳಂತೆ. ಕಾಕಾ, ನನ್ನದನ್ನು ಹರಿದು ಹಾಕಿರಿ, ಅವಳದನ್ನು ಮುಟ್ಟಬೇಡಿರಿ ಎಂದು ಹರಾಜು ಕೂಗುವ ದನಿಯಲ್ಲಿ ಕೂಗಿದ್ದನಂತೆ. ದಿಲ್ಲಿಯಲ್ಲಿ ಏನೆನ್ನುತ್ತಾರೋ ಅದು ಅವರ ವಿಚಾರ ಎಂದು ಹುಡುಗಿ ಹೇಳಿದಳಂತೆ.

ಇಷ್ಟು ಹೇಳಿ ಕಾಕಾ ಬೆವರು ಒರೆಸಿಕೊಳ್ಳಲು ಕಿಸೆಗೆ ಕೈ ಹಾಕಿದ. ಕರವಸ್ತ್ರದ ಜೊತೆ ನಾನು ಬರೆದುಕೊಟ್ಟ ಹಾಳೆ ಹೊರಗೆ ಬಂತು. ದಿಲ್ಲಿಯ ದಾರಿ, ಮಾವಶಿಯ ಮಗನ ನಂಬರು, ನನ್ನ ನಂಬರು, ಎಲ್ಲ ಅಲ್ಲೇ ಉಳಿದಿತ್ತು. ಇಬ್ಬರೂ ಅದನ್ನೇ ನೋಡಿದೆವು.

ಮಾವಶಿಯ ಮಗನಿಗೆ ಫೋನ್ ಮಾಡಿ ಹೇಳಿದೆ. ಗುವಾಹಟಿಯಲ್ಲಿ ತಾನು ಬಾಗಿಲಲ್ಲೇ ನಿಂತಿರುತ್ತೇನೆ ಎಂದ. ಗುವಾಹಟಿ ಮುಟ್ಟಿದರೆ ಚಿಂತೆಯಿಲ್ಲ, ಚಿಂತೆ ಇದ್ದದ್ದು ದಿಲ್ಲಿಯದು. ಕಾರ್ಡಿನ ಹಿಂದೆ ಸದಸ್ಯರಿಗೆಂದು ಒಂದು ಸಹಾಯದ ನಂಬರಿತ್ತು. ಕರೆ ಮಾಡಿದೆ. ಮುಖ್ಯ ಕಾರ್ಡಿನವರೇ ಮಾತಾಡಬೇಕು ಎಂದರು. ಹಲ್ಲು ಕಚ್ಚಿಕೊಂಡು ಮೊಬೈಲನ್ನು ಕಾಕಾನಿಗೆ ಕೊಟ್ಟೆ. ಅವನು ಎದ್ದು ನಿಂತು, ಮರಾಠಿ ಬೆರೆತ ಹಿಂದಿಯಲ್ಲಿ, ತನ್ನ ಹೆಸರು ಹೇಳಿ, ಕಾರ್ಡು ತನ್ನದೆಂದು ಹೇಳಿ, ನಮ್ಮ ಮನೆಯ ಹೆಣ್ಣುಮಗಳು ಒಬ್ಬಳೇ ಬರುತ್ತಿದ್ದಾಳೆ, ನೀಲಿ ಸೀರೆ, ಕೈಯಲ್ಲಿ ಬಟ್ಟೆಯ ಚೀಲ, ಅವಳನ್ನು ಯಾರೂ ತಡೆಯಬಾರದು, ಮುಂದಿನ ವಿಮಾನ ತೋರಿಸಿಕೊಡಬೇಕು ಎಂದ. ಹುಟ್ಟಿದ ತಾರೀಖು ಕೇಳಿದರು. ಅದು ಅವನಿಗೆ ಗೊತ್ತಿಲ್ಲ. ಅರ್ಜಿಯಲ್ಲಿ ನಾನೇ ಒಂದು ತಾರೀಖು ಹುಟ್ಟಿಸಿ ಬರೆದಿದ್ದೆ. ಬೆರಳು ಮಡಿಸಿ ತೋರಿಸಿದೆ, ಅವನು ಎಣಿಸಿ ಹೇಳಿದ. ದಿಲ್ಲಿಗೆ ತಿಳಿಸಲು ಯತ್ನಿಸುತ್ತೇವೆ ಎಂದರು. ಯತ್ನಿಸುತ್ತೇವೆ ಎಂಬ ಮಾತನ್ನು ನಾನು ಅಂದಿನಿಂದ ನಂಬುವುದಿಲ್ಲ.

ಮನೆಗೆ ಹೋಗೋಣ ಎಂದು ನಾನೂ ಅನ್ನಲಿಲ್ಲ, ಅವನೂ ಅನ್ನಲಿಲ್ಲ. ಆ ಬೆಂಚಿನ ಮೇಲೆ ಬಿಸಿಲು ಬಂತು, ಸರಿಯಿತು. ಹನ್ನೊಂದಕ್ಕೆ ದಿಲ್ಲಿಯಲ್ಲಿ ಇಳಿದಿರಬೇಕು. ಒಂದೂವರೆಗೆ ಮುಂದಿನ ವಿಮಾನ. ಆ ಎರಡೂವರೆ ತಾಸು ನಾನು ದಿಲ್ಲಿಯ ಆ ಮೊಗಸಾಲೆಯನ್ನು ಮನಸ್ಸಿನಲ್ಲಿ ಎಷ್ಟು ಸಲ ನಡೆದೆನೋ. ಬಾಗಿಲು ತಪ್ಪಿ ಹೊರಗೆ ಬಂದುಬಿಟ್ಟರೆ ಅವಳನ್ನು ಮತ್ತೆ ಒಳಗೆ ಬಿಡುವುದಿಲ್ಲ. ಕೂತಲ್ಲೇ ಕೂತುಬಿಟ್ಟರೆ ವಿಮಾನ ಹೋಗಿಬಿಡುತ್ತದೆ. ಟಿಕೆಟ್ ನಡೆಯುವುದಿಲ್ಲ ಎಂದರೆ ಅವಳು ಯಾರ ಜೊತೆ ಜಗಳ ಮಾಡಿಯಾಳು? ಜಗಳವೆಂದರೇನು ಎಂದು ಗೊತ್ತಿಲ್ಲದವಳು. ಕಾಕಾ ಎರಡು ಸಲ ಚಹಾ ತಂದ. ಅವನೇ ಎದ್ದು ಹೋಗಿ ತಂದದ್ದನ್ನು ನಾನು ಗಮನಿಸಿದ್ದು ಎರಡನೆಯ ಸಲ.

"ಎಲ್ಲರ ಮುಂದ ಅಂಜಿ ಬಂದೆ ಅಂತ ಹೇಳ್ತೀಯೇನು?" ಎಂದು ಒಮ್ಮೆ ಕೇಳಿದ.

"ಅವ್ವ ಮುಟ್ಟಲಿಲ್ಲಂದ್ರ ಹೇಳ್ತೇನ್ರಿ," ಅಂದೆ. ಕ್ರೂರವಾಗಿಯೇ ಅಂದೆ. ಆ ಹೊತ್ತಿಗೆ ಹಾಗೇ ಇತ್ತು ನನ್ನ ಮನಸ್ಸು.

ನಾಲ್ಕಾಯಿತು. ನಾಲ್ಕೂಕಾಲಾಯಿತು. ಮಾವಶಿಯ ಮಗನ ಮೊಬೈಲು ಹತ್ತಲಿಲ್ಲ. ನಾಲ್ಕೂವರೆಗೆ ಒಂದು ಸಲ ರಿಂಗಾಗಿ ಕಡಿದುಹೋಯಿತು. ಕಾಕಾ ಬೆಂಚಿನಿಂದ ಎದ್ದು, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ನಿಂತ. ಐದು ಗಂಟೆ ದಾಟಿದ ಮೇಲೆ ನನ್ನ ಕೈಯಲ್ಲಿ ಮೊಬೈಲು ಬಡಿದುಕೊಂಡಿತು. ಗುವಾಹಟಿಯ ನಂಬರು. ಹಲೋ ಎನ್ನದೆ ಕಿವಿಗೆ ಒತ್ತಿದೆ.

"ನಾನು," ಎಂದಿತು ಅವ್ವನ ದನಿ.

"ಎಲ್ಲೆದಿ?"

"ಅಕ್ಕನ ಹಾಸಿಗಿ ಮ್ಯಾಲ ಕುಂತೇನಿ."

ನಾನು ಕಾಕಾನ ಕಡೆ ನೋಡಿ ತಲೆಯಾಡಿಸಿದೆ. ಅವನು ಅಲ್ಲೇ ಫುಟ್‌ಪಾತಿನ ಮೇಲೆ, ಸಾಂಗ್ಲಿಯ ಅಷ್ಟು ದೊಡ್ಡ ವ್ಯಾಪಾರಿ, ಧೋತರಕ್ಕೆ ಮಣ್ಣಾಗುತ್ತದೆಂದು ನೋಡದೆ ಕೂತುಬಿಟ್ಟ. ನನಗೆ ಅಳು ತಡೆಯಲಾಗಲಿಲ್ಲ. ದಿಲ್ಲಿಯಲ್ಲಿ ಏನಾಯಿತು, ಯಾರಾದರೂ ಬಂದರೇ, ಟಿಕೆಟ್ಟಿಗೆ ಏನಂದರು ಎಂದು ಒಂದೇ ಉಸಿರಿಗೆ ಕೇಳಿದೆ.

"ಅದನ್ನೆಲ್ಲ ಬಂದ ಮ್ಯಾಲ ಹೇಳ್ತೇನಿ. ಮೊದಲ ನೀ ಇಕೀಗ ಒಂದು ಮಾತು ಹೇಳು," ಎಂದಳು ಅವ್ವ. ಅವಳ ದನಿ ಅಳುತ್ತಿತ್ತೋ ನಗುತ್ತಿತ್ತೋ ತಿಳಿಯಲಿಲ್ಲ. "ಎಚ್ಚರದಾಗ ಅದಾಳ. ಗುರ್ತ ಹಿಡದಾಳ. ಯಾರ ಜೋಡಿ ಬಂದಿ ಅಂತ ಕೇಳಿದ್ಲು. ಒಬ್ಬಾಕೀನ ಬಂದೇನಿ ಅಂದೆ. ನಂಬವಲ್ಲಳು. ಸ್ವಲ್ಪ ನೀನರ ಹೇಳು."

ಫೋನು ಮಾವಶಿಯ ಕಿವಿಗೆ ಹೋಯಿತು. ಉಸಿರಾಟದ ಸದ್ದು ಮಾತ್ರ ಕೇಳಿಸುತ್ತಿತ್ತು, ದೀರ್ಘವಾಗಿ, ಕಷ್ಟದಿಂದ.

"ಹೌದ್ರಿ ಮಾವಶಿ," ಅಂದೆ. "ಒಬ್ಬಾಕೀನ ಬಂದಾಳ."